ಕುತ್ತಿಗೆಯ ಗಂಟು

ಆ ಮನೆಯ ಚರಿತ್ರೆ ಬರೆಯುವವರು ಮಗನ ಕುತ್ತಿಗೆಯ ಹಿಂದಿನ ಗಂಟಿಗೆ ಒಂದು ಅಧ್ಯಾಯವನ್ನೇ ಮೀಸಲಿಡಬೇಕು. ಆರು ವರ್ಷ ಕಡಲೆಕಾಳಿನಷ್ಟೇ ಇದ್ದು ಯಾರ ತಂಟೆಗೂ ಹೋಗದಿದ್ದ ಅದು ಯುಗಾದಿ ಕಳೆದ ವಾರ ಕೆಂಪಗೆ ಊದಿ ನಿಂಬೆಹಣ್ಣಿನಷ್ಟಾಯಿತು.

"ಇವಳು ಆಸ್ಪತ್ರೆಯಿಂದ ಹೊತ್ತು ತಂದ ಕ್ರಿಮಿ," ಎಂದರು ಅತ್ತೆ. ಸೊಸೆ ವನಮಾಲ ಆಸ್ಪತ್ರೆಯಲ್ಲಿ ನರ್ಸು. "ಮೊದಲು ಆ ಕೆಲಸ ಬಿಡ್ಲಿ."

"ಡಾಕ್ಟ್ರು ಹೇಳ್ಲಿ ಅತ್ತೆ. ನನ್ನಿಂದಲೇ ಆಗಿದ್ದು ಅಂದ್ರೆ ಬಿಡ್ತೀನಿ."

ವನಮಾಲಳಿಗೆ ಧೈರ್ಯವಿತ್ತು. ಗಂಟು ಊದುವ ಮುಂಚಿನಿಂದಲೂ ದಿನಾ ಸಂಜೆ ಸುಟ್ಟ ಈರುಳ್ಳಿಯ ಶಾಖ ಕೊಟ್ಟು, ಎರಡೂ ಹೆಬ್ಬೆರಳಿನಿಂದ ಆ ಗಂಟನ್ನು ಹಿಚುಕುತ್ತಿದ್ದವರು ಅತ್ತೆಯೇ. ಬೇಡವೆಂದರೆ, "ಹೆತ್ತವಳಿಗೆ ಗೊತ್ತಿಲ್ವಾ?" ಎನ್ನುತ್ತಿದ್ದರು. ಗಂಡ ಹಲ್ಲು ಕಚ್ಚಿಕೊಂಡು ಬಗ್ಗಿ ಕೂತಿರುತ್ತಿದ್ದ.

ಮೂವರೂ ಡಾಕ್ಟರ ಹತ್ತಿರ ಹೋದರು. ಅವರು ಕೀವನ್ನು ಪರೀಕ್ಷೆಗೆ ಕಳಿಸಿ, ಬಂದ ವರದಿ ಓದಿದರು.

"ಕ್ರಿಮಿ ಇವೆಯಮ್ಮಾ. ಊದಿಕೊಳ್ಳದ ಗಂಟಿನಲ್ಲೂ ಇವು ಇರ್ತವೆ, ನನ್ನ ಚರ್ಮದ ಮೇಲೂ ಇವೆ. ಪಾಪ, ಇವುಗಳದ್ದೇನೂ ತಪ್ಪಿಲ್ಲ. ಯಾರೋ ಹಿಚುಕಿ ಹಿಚುಕಿ ಗಂಟಿನ ಚೀಲ ಒಳಗೇ ಒಡೆದಿದೆ. ಅದರಲ್ಲಿದ್ದ ಬಿಳಿ ಹಿಟ್ಟು ಸುತ್ತ ಹರಡಿ ಊದಿಕೊಂಡಿದೆ. ಯಾರ್ರೀ ಹಿಚುಕಿದ್ದು?"

ಅತ್ತೆ ಗೋಡೆಯ ಕ್ಯಾಲೆಂಡರು ಓದತೊಡಗಿದರು. ವನಮಾಲ ನೆಮ್ಮದಿಯಿಂದ ಗಂಡನ ಮುಖ ನೋಡಿದಳು. ಅವನು ಅಮ್ಮನ ಮುಖ ನೋಡಿದ.

"ಇವಳೇ ಡಾಕ್ಟ್ರೇ," ಎಂದ, ಹೆಂಡತಿಯ ಕಡೆ ಕೈ ತೋರಿಸಿ. "ನರ್ಸಲ್ವಾ, ಕೈ ಸುಮ್ಮನಿರಲ್ಲ."

ಒಂದನೇ ತಾರೀಖಿನಿಂದ ವನಮಾಲ ಕೆಲಸಕ್ಕೆ ಹೋಗಲಿಲ್ಲ.