ಏಳು ಪಟ್ಟೆಯ ಕಾಲುಚೀಲ

ಜ್ವಾಲಾಮುಖಿ ದ್ವೀಪದ ಕಪ್ಪು ಮರಳಲ್ಲಿ ನಾವಿಕ ಕೂತು ಒದ್ದೆ ಬೂಟು ಬಿಚ್ಚಿದ್ದೇ ತಡ, ಕೆಜಿಯಾಳ ಕೈಯಿಂದ ಆಲೂಗಡ್ಡೆ ಬುಟ್ಟಿ ಜಾರಿತು. ಕಡಲಾಳ ಅಳೆಯಲು ಬಂದ ಹಡಗಿನವನ ಕಾಲುಚೀಲಕ್ಕೆ ಏಳು ಪಟ್ಟೆ! ಈ ದ್ವೀಪದ ಹೆಂಗಸರು ಏಳು ಪಟ್ಟೆ ಹಾಕುವುದು ಗಂಡನಿಗೆ ಮಾತ್ರ. ಅದರಲ್ಲೂ ಇದರ ಆರನೆಯ ಪಟ್ಟೆ ಸೊಟ್ಟ; ಹಾಗೆ ಹೆಣೆದು, ತಿಮಿಂಗಿಲ ಬೇಟೆಗೆ ಹೊರಟ ಗಂಡ ಜೆತ್ರೊನಿಂದ ಗೇಲಿ ಮಾಡಿಸಿಕೊಂಡವಳು ಅವಳೊಬ್ಬಳೇ.

"ಎಲ್ಲಿ ಸಿಕ್ತಪ್ಪಾ ಇದು?"

"ಕೇಪ್ ಅನ್ನೋ ಬಂದರಲ್ಲಿ ಕಣಕ್ಕಾ. ಹಡಗಲ್ಲಿ ಸತ್ತೋರ ಸಾಮಾನು ಅಲ್ಲಿ ಹರಾಜು ಹಾಕ್ತಾರೆ. ಯಾರ್ದೋ ಏನೋ, ಹೆಣೆದೋಳ ಹೊಟ್ಟೆ ತಣ್ಣಗಿರ್ಲಿ, ಒಳ್ಳೇ ಬೆಚ್ಚಗಿದೆ."

ಅವಳ ಮುಖ ನೋಡುತ್ತಲೇ ಅವನಿಗೆ ಅರ್ಥವಾಯಿತು. ಗಡಬಡಿಸಿ ಕಾಲುಚೀಲ ಬಿಚ್ಚತೊಡಗಿದ.

"ಬಿಚ್ಬೇಡ, ಚಳಿಯಾಗುತ್ತೆ. ಹಿಮ್ಮಡಿ ಹರಿದಿದೆ, ಇತ್ತ ಕೊಡು ಕಾಲು."

ಸೂಜಿ ದಾರ ತೆಗೆದು, ಅವನ ಪಾದವನ್ನು ಮಡಿಲಲ್ಲಿಟ್ಟುಕೊಂಡು ಕೆಜಿಯಾ ಹೊಲಿದಳು. ಹೊಲಿಗೆ ಮುಗಿದ ಮೇಲೂ ಆ ಪಾದವನ್ನು ಕೆಳಗಿಳಿಸಲಿಲ್ಲ.