ಚರ್ಚಿಗೆ ಬಾರದ ಅಪ್ಪ

ಅಮ್ಮ ನಗುತ್ತಿದ್ದಳು. ಅಪ್ಪನನ್ನು ಮಣ್ಣು ಮಾಡಿ ಐದು ದಿನವಾಗಿತ್ತಷ್ಟೇ. ಚರ್ಚಿನ ಮೊದಲ ಬೆಂಚಿನಲ್ಲಿ ಕೂತು, ಇಡೀ ಸಭೆಗೆ ಕಾಣುವಂತೆ, ತುಟಿಯಂಚಿನಲ್ಲಿ ನಗುತ್ತಿದ್ದಳು. ಮಗನಿಗೆ ಮೈಯೆಲ್ಲ ಉರಿಯಿತು.

“ಅಮ್ಮಾ, ಜನ ನೋಡ್ತಿದಾರೆ.”

“ನೋಡ್ಲಿ ಬಿಡು. ನೀನು ಕೇಳಿಸ್ಕೊ.”

ಮರ್ಯಾದೆ ಉಳಿದಿದ್ದರೆ ತಾನೆ ಹೋಗುವುದು! ಅಪ್ಪ ಅದನ್ನು ಯಾವತ್ತೋ ಹರಾಜು ಹಾಕಿದ್ದ. ಮುದ್ರಣಾಲಯದಲ್ಲಿ ಕರಡು ತಿದ್ದುತ್ತಿದ್ದ ಮನುಷ್ಯ. ಊರವರ ತಪ್ಪಿಗೆಲ್ಲ ಕೆಂಪು ಶಾಯಿಯ ಗುರುತು ಹಾಕಿದವನಿಗೆ ತನ್ನದೊಂದು ಕಾಣಲಿಲ್ಲ. ಇಪ್ಪತ್ತು ವರ್ಷ ಚರ್ಚಿನ ಹೊಸ್ತಿಲು ತುಳಿಯಲಿಲ್ಲ. ಕೇಳಿದರೆ, “ಅಲ್ಲಿ ಕೂತ್ರೆ ನಂಗೆ ಮುಜುಗರ ಕಣೋ” ಎನ್ನುತ್ತಿದ್ದ. ದೇವರೆದುರು ಮುಜುಗರವಂತೆ!

ಪಾದ್ರಿಗಳದು ದೊಡ್ಡ ಮನಸ್ಸು. ಪ್ರತಿ ಶನಿವಾರ ಸಂಜೆ ತಾವೇ ಮನೆಗೆ ಬಂದು, ಕೋಣೆಯ ಬಾಗಿಲು ಹಾಕಿಕೊಂಡು, ಈ ದಾರಿ ತಪ್ಪಿದ ಕುರಿಗೆ ಒಂದು ಗಂಟೆ ಬುದ್ಧಿ ಹೇಳಿ ಹೋಗುತ್ತಿದ್ದರು. ಅಪ್ಪ ಹಾಸಿಗೆ ಹಿಡಿದ ಮೇಲೂ ಬಿಡಲಿಲ್ಲ. ಏನು ಫಲ? ಎಲ್ಲ ನೀರಲ್ಲಿ ಹೋಮ.

ಇವತ್ತು ಅದೇ ಪಾದ್ರಿಗಳು ಹಾಳೆ ಬಿಡಿಸಿ, ಕನ್ನಡಕ ಸರಿಮಾಡಿಕೊಂಡು ಪ್ರಸಂಗ ಓದುತ್ತಿದ್ದರು. “ತಂದೆಯಾದವನಿಗೆ ಪ್ರೀತಿಯನ್ನು ಆಡಿ ತೋರಿಸಲು ಬಾರದೇ ಇರಬಹುದು. ಮಗ ಶೂ ಹಾಕಿಕೊಂಡೇ ನಿದ್ದೆಹೋದರೆ, ಅವನಿಗೆ ಎಚ್ಚರವಾಗದಂತೆ ಲೇಸು ಬಿಚ್ಚುವುದೇ ಆ ತಂದೆಯ ಪ್ರಾರ್ಥನೆ.”

ಮಗನಿಗೆ ನೆನಪಾಯಿತು. ಚಿಕ್ಕಂದಿನಲ್ಲಿ ಬೆಳಗ್ಗೆ ಎದ್ದಾಗ ಶೂ ಮಂಚದ ಕೆಳಗೆ ಇರುತ್ತಿದ್ದವು. ಅಮ್ಮನ ಕೆಲಸ ಅಂದುಕೊಂಡಿದ್ದ. ಐದು ದಿನ ಬಾರದ ಅಳು ಈಗ ಬಂತು. ಮಕ್ಕಳಿಲ್ಲದ ಈ ಪಾದ್ರಿಗೆ ಎಷ್ಟೆಲ್ಲ ತಿಳಿದಿದೆ! ಇಂಥದೊಂದು ಮಾತು ಅಪ್ಪನ ಬಾಯಿಂದ ಒಂದು ದಿನವೂ ಬರಲಿಲ್ಲ. ಪಕ್ಕದಲ್ಲಿ ಅಮ್ಮನ ತುಟಿ ಅಲುಗುತ್ತಿತ್ತು, ಪಾದ್ರಿಗಳಿಗಿಂತ ಒಂದು ಪದ ಮುಂದೆ. ಸದ್ಯ, ಈಗಲಾದರೂ ಪ್ರಾರ್ಥನೆ ಮಾಡುತ್ತಿದ್ದಾಳಲ್ಲ ಎಂದುಕೊಂಡ.

ಆರಾಧನೆ ಮುಗಿಯಿತು. ಬಾಗಿಲಲ್ಲಿ ಮಗ ಪಾದ್ರಿಗಳ ಕೈ ಹಿಡಿದುಕೊಂಡ. “ಅಪ್ಪ ಇದನ್ನ ಕೇಳ್ಬೇಕಿತ್ತು ಪಾಸ್ಟರ್. ನಿಮ್ಮ ಮಾತು ಕಾಲು ಭಾಗ ತಲೆಗೆ ಹೋಗಿದ್ರೂ ಉದ್ಧಾರ ಆಗ್ತಿದ್ರು.”

ಪಾದ್ರಿಗಳು ಕೆಮ್ಮಿದರು. ಅವನ ಕಣ್ಣು ತಪ್ಪಿಸಿ, ಅಮ್ಮನ ಕಡೆ ಬಾಗಿ, ದನಿ ತಗ್ಗಿಸಿದರು. “ಅವರ ಮೇಜಿನ ಡ್ರಾಯರಲ್ಲಿ... ಇನ್ನೇನಾದ್ರೂ ಸಿಕ್ತೇನಮ್ಮ?”

“ಇಲ್ಲ ಪಾಸ್ಟರ್, ಇದೇ ಕೊನೇದು,” ಅಮ್ಮ ಮೆಟ್ಟಿಲ ಮೇಲಿದ್ದವರಿಗೆಲ್ಲ ಕೇಳುವಂತೆ ಹೇಳಿದಳು. “ಬರೋ ಭಾನುವಾರದ ಪ್ರಸಂಗ ನೀವೇ ಬರ್ಕೋಬೇಕು.”