ಬೆಳ್ಳಿ ಕರಡಿಗೆ

"ಆಜಿ, ಗಳ್ಯಾತಲಂ ಕಾಢಾ," ಎಂದು ನರ್ಸ್ ಕೊರಳ ಕಡೆ ಬೆರಳು ತೋರಿಸಿ, ಅಲ್ಲಿದ್ದುದನ್ನು ತೆಗೆಯಲು ಮರಾಠಿಯಲ್ಲಿ ಮತ್ತೆ ಹೇಳಿದಾಗ, ಸ್ಟ್ರೆಚರ್ ಮೇಲೆ ಮಲಗಿದ್ದ ಸಾವಂತ್ರವ್ವ ತನ್ನ ಬೆಳ್ಳಿ ಕರಡಿಗೆಯನ್ನು ಎರಡೂ ಕೈಗಳಿಂದ ಮುಚ್ಚಿಕೊಂಡಳು. ತಾಳಿ, ಬಳೆ ಆಗಲೇ ಬಿಚ್ಚಿಕೊಟ್ಟಿದ್ದಳು. ಕರಡಿಗೆಯೊಳಗಿನ ಇಷ್ಟಲಿಂಗ ಮಾತ್ರ ದೀಕ್ಷೆಯಾದಂದಿನಿಂದ ಅವಳ ಮೈ ಬಿಟ್ಟಿರಲಿಲ್ಲ.

"ಹಡಿಯೂ ಮುಂದ ಸೈತ ತಗದಿಲ್ರಿ," ಎಂದಳು ಗಂಡನಿಗೆ.

"ಎದಿ ಆಪರೇಶನ್ ಅದ. ಹಟಾ ಮಾಡಬ್ಯಾಡ," ಎಂದು ಗುರುಪಾದಪ್ಪ ರೇಗಿದ. ಪುಣೆಯ ನೌಕರಿಯ ಗಡಿಬಿಡಿಯಲ್ಲಿ ತನ್ನ ಲಿಂಗವನ್ನು ಎಂದೋ ಕೋಥರೂಡದ ಮನೆಯ ದೇವರ ಜಗಲಿಯ ಮೇಲಿಟ್ಟು ಮರೆತವನು ಅವನು.

ಸಾವಂತ್ರವ್ವ ಅವನ ಮುಖ ನೋಡಿದಳು. ಆಮೇಲೆ ತಾನೇ ಶಿವದಾರವನ್ನು ತಲೆಯ ಮೇಲಿಂದ ತೆಗೆದು, ಕರಡಿಗೆಯನ್ನು ಕಣ್ಣಿಗೊತ್ತಿಕೊಂಡು, ಅವನ ಎಡ ಅಂಗೈಯಲ್ಲಿಟ್ಟಳು. "ಇಷ್ಟ ದಿನಾ ಅಂವ ನನ್ನ ಭಾಳ ಛಲೋ ನೋಡ್ಕೊಂಡಾನ್ರಿ. ನಾ ಬರೂತನಾ ನೀವು ಅವನ್ನ ನೋಡ್ಕೋರಿ. ಕೆಳಗ ಇಡಬ್ಯಾಡ್ರಿ."

ಬಾಗಿಲು ಮುಚ್ಚಿತು. ಗುರುಪಾದಪ್ಪ ವರಾಂಡದ ಕಾಯಿನ್ ಫೋನಿನ ಪಕ್ಕ ಎಡಗೈ ಚಾಚಿಕೊಂಡೇ ನಿಂತ. ಏನು ಬೇಡಬೇಕು, ಹೇಗೆ ಬೇಡಬೇಕು, ಒಂದೂ ತೋಚಲಿಲ್ಲ. ಒಂದು ವಚನದ ಮೊದಲ ಸಾಲೂ ನೆನಪಾಗಲಿಲ್ಲ. ಅಂಗೈಯಲ್ಲಿ ಅವಳ ಮೈಬಿಸಿ ಮಾತ್ರ ಇನ್ನೂ ಇತ್ತು. ನಿಂತಿದ್ದಂತೆಯೇ ಅದೂ ಆರತೊಡಗಿತು, ಬೆಳ್ಳಿ ತಣ್ಣಗಾಗತೊಡಗಿತು. ಅವನು ಗಾಬರಿಯಿಂದ ಅಂಗಿಯ ಗುಂಡಿ ಬಿಚ್ಚಿ, ಕರಡಿಗೆಯನ್ನು ತನ್ನ ಬರಿಯ ಎದೆಗೆ ಒತ್ತಿ ಹಿಡಿದುಕೊಂಡ.